ಅಲ್ಯೂಮಿನಿಯಂ ದೋಣಿಯ ಬೇಡದ ತೂತುಗಳು: ರಿವೆಟ್ಟೋ, ಎಪಾಕ್ಸಿಯೋ, ವೆಲ್ಡಿಂಗೋ?

ತಳತೂತು:
4 ಮೀಟರ್ ಉದ್ದದ, ರಿವೆಟ್ (ತಗಡುಗಳನ್ನು ಬಿಗಿಯುವ ಲೋಹದ ಕೀಲು) ಹೊಡೆದು ಕಟ್ಟಿದ ದೋಣಿ. ತಗಡಿನ ದಪ್ಪ 1.6 ಮಿ.ಮೀ. ಹಳೆಯ ಸೀಟು ಬಿಚ್ಚಿದ ಕಡೆ ತಳದಲ್ಲಿ 5 ಮಿ.ಮೀ.ನ ಐದು ತೂತುಗಳಿವೆ. ಸೋನಾರ್ (ನೀರಿನ ಆಳ ನೋಡುವ ಸಾಧನ) ಕೂರಿಸಿದ್ದ ಟ್ರಾನ್ಸಮ್‌ನಲ್ಲಿ, ಅಂದರೆ ದೋಣಿಯ ಹಿಂಬದಿಯ ಗೋಡೆಯಲ್ಲಿ, ನಾಲ್ಕು ಸ್ಕ್ರೂ ತೂತು, ಅದರ ಹಿಂದೆ ಪ್ಲೈವುಡ್. ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, 25 ಮಿ.ಮೀ.ನ ಒಂದು. ತಳದ್ದಕ್ಕೆಲ್ಲ ಸಿಲಿಕೋನ್ ತುಂಬಿದ್ದಾರೆ, ಆದರೂ ಜಿನುಗುತ್ತದೆ. ಎಲ್ಲಕ್ಕೂ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿದರೆ ಸಾಕೇ? ಉಪ್ಪುನೀರಿಗೂ ಇಳಿಸುವುದುಂಟು.

ರಿವೆಟ್‌ಗನ್:
ತಳಕ್ಕೆ ಬರೀ ಎಪಾಕ್ಸಿ ಬೇಡ. 1.6 ಮಿ.ಮೀ. ತಗಡು ಅಲೆಗೆ ಬಾಗುತ್ತದೆ. ಗಟ್ಟಿಯಾದ ಎಪಾಕ್ಸಿ ಬಾಗುವುದಿಲ್ಲ, ಅಂಚಿನಲ್ಲಿ ಕೂದಲೆಳೆಯಷ್ಟು ಬಿಡುತ್ತದೆ, ಅಷ್ಟು ಸಾಕು ನೀರಿಗೆ.

ಮೊದಲು ಸಿಲಿಕೋನ್ ತೆಗೆಯಿರಿ. ಅಸಿಟೋನ್‌ಗೆ ಅದು ಕರಗದು, ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಒಂದು ಪದರ ಉಳಿದರೂ ಮುಂದೆ ಹಚ್ಚುವ ಯಾವುದೂ ಅಂಟುವುದಿಲ್ಲ, ಬಣ್ಣವೂ ಸೇರಿ.

5 ಮಿ.ಮೀ. ತೂತಿಗೆ ತುದಿ ಮುಚ್ಚಿದ, ಅಂದರೆ ಸೀಲ್ಡ್ ಮಾದರಿಯ 4.8 ಮಿ.ಮೀ. ಪಾಪ್ ರಿವೆಟ್ ಕೂರುತ್ತದೆ (ನಡುವಿನ ಮೊಳೆಯನ್ನು ಗನ್‌ನಿಂದ ಎಳೆದಾಗ ಒಳತುದಿ ಉಬ್ಬಿ ಬಿಗಿಯುತ್ತದೆ, ಆಮೇಲೆ ಮೊಳೆ ಮುರಿಯುತ್ತದೆ). ಅದಕ್ಕೆ ಸರಿಯಾದ ತೂತು 4.9ರಿಂದ 5.0. ತೂತು ಉದ್ದುದ್ದ ಸವೆದಿದ್ದರೆ ಒತ್ತಾಯ ಮಾಡಬೇಡಿ, 6.5ಕ್ಕೆ ಕೊರೆದು 6.4ರ ರಿವೆಟ್ ಹಾಕಿ. ಸಾಮಾನ್ಯ ಪಾಪ್ ರಿವೆಟ್ ತಳಕ್ಕೆ ಸಲ್ಲದು, ಅದರ ನಟ್ಟನಡುವೆ ಮೊಳೆ ಹೋಗುವ ದಾರಿಯೇ ನೀರಿನ ದಾರಿ. ಮೊಳೆಯೂ ಅಲ್ಯೂಮಿನಿಯಂನದ್ದೇ ಇರಲಿ. ಉಕ್ಕಿನದಾದರೆ ಮುರಿದ ತುಂಡು ಹೊರಗಡೆ ತುಕ್ಕು ಹಿಡಿಯುತ್ತದೆ.

ರಿವೆಟ್ಟಿನ ಗ್ರಿಪ್ ಅಳತೆ, ಅಂದರೆ ಅದು ಬಿಗಿಯಬಲ್ಲ ದಪ್ಪ, ತಗಡಿನ ದಪ್ಪಕ್ಕೆ ಹೊಂದಬೇಕು. ಬಹಳ ಜನ ನೋಡದೆ ಬಿಡುವುದು ಇದನ್ನೇ. ಗ್ರಿಪ್ ಜಾಸ್ತಿಯಾದರೆ ತಲೆ ಬಿಗಿಯುವ ಮೊದಲೇ ಮೊಳೆ ಮುರಿಯುತ್ತದೆ. ಒಳಗಡೆ ಒಂದು ಅಲ್ಯೂಮಿನಿಯಂ ವಾಷರ್ ಕೊಟ್ಟರೆ ದಪ್ಪವೂ ಕೂಡಿಬರುತ್ತದೆ, ರಿವೆಟ್ಟಿನ ಬಾಲ (ಒಳತುದಿ) ತಗಡನ್ನು ಹರಿದು ಬರುವುದೂ ತಪ್ಪುತ್ತದೆ.

ತೂತಿನ ಅಂಚಿನ ಮುಳ್ಳು (ಕೊರೆದಾಗ ಎದ್ದ ಚೂಪು ಲೋಹ) ಎರಡೂ ಕಡೆ ತೆಗೆದು, ಅಸಿಟೋನ್‌ನಿಂದ ಒರೆಸಿ, ರಿವೆಟ್ಟಿನ ಮೈಗೂ ತಲೆಯಡಿಗೂ ಪಾಲಿಯುರೇಥೇನ್ ಸೀಲಂಟ್ (3ಎಂ 5200 ಅಥವಾ ಅದಕ್ಕೆ ಸಮನಾದದ್ದು) ಬಳಿದು ಹಸಿಯಿರುವಾಗಲೇ ಎಳೆಯಿರಿ. ಸುತ್ತಲೂ ಸೀಲಂಟ್ ಉಕ್ಕಿ ಬರಬೇಕು. ಎಲ್ಲಾದರೂ ಉಕ್ಕದಿದ್ದರೆ ಅಲ್ಲಿ ಖಾಲಿ ಇದೆ ಎಂದರ್ಥ. ಮಾಮೂಲಿ 5200 ಪೂರ್ತಿ ಗಟ್ಟಿಯಾಗಲು ವಾರ ಬೇಕು. ಅದು ಗಾಳಿಯ ತೇವದಿಂದ ಗಟ್ಟಿಯಾಗುವ ಪದಾರ್ಥ, ಒಣ ಹವೆಯಲ್ಲಿ ಇನ್ನೂ ನಿಧಾನ.

ಇಬ್ಬರಿದ್ದರೆ ಘನ ರಿವೆಟ್ ಇನ್ನೂ ಉತ್ತಮ: ಒಬ್ಬರು ಹೊರಗೆ ಹೊಡೆಯಬೇಕು, ಇನ್ನೊಬ್ಬರು ಒಳಗೆ ಭಾರದ ಉಕ್ಕಿನ ಗಟ್ಟಿ ಒತ್ತಿ ಹಿಡಿಯಬೇಕು. ಒಳಗೆ ಚಾಚಿಕೊಳ್ಳುವ ಬಾಲ ವ್ಯಾಸದ ಒಂದೂವರೆಪಟ್ಟು, 4.8ಕ್ಕೆ ಸುಮಾರು 7 ಮಿ.ಮೀ.

ಪದರ:
ತಳದ ಮಟ್ಟಿಗೆ ಒಪ್ಪಿದೆ, ಆದರೆ ಟ್ರಾನ್ಸಮ್‌ಗೆ ಎಪಾಕ್ಸಿಯೇ ಬೇಕು. ಅಲ್ಲಿ ಪ್ಲೈವುಡ್ ಬೆನ್ನಿಗಿರುವುದರಿಂದ ತಗಡು ಅಷ್ಟು ಬಾಗುವುದಿಲ್ಲ. ಅಲ್ಲಿನ ಚಿಂತೆ ಮರ ಕೊಳೆಯುವುದು. ಮರ ಪೂರ್ತಿ ಒಣಗದೆ ಮುಚ್ಚಿದರೆ ನೀರನ್ನು ಒಳಗೇ ಬಂಧಿಸಿದಂತೆ. ಮರದೊಳಗಿನ ತೂತನ್ನು ತುಸು ದೊಡ್ಡದು ಮಾಡಿ, ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ದಪ್ಪ ಮಾಡಿದ್ದನ್ನು ತುಂಬಿ.

ತಗಡಿನ ಮೇಲೆ ಎಪಾಕ್ಸಿ ಕೈಕೊಡುವುದಕ್ಕೆ ಮುಖ್ಯ ಕಾರಣ ಆಕ್ಸೈಡ್. ಉಜ್ಜಿದ ಅಲ್ಯೂಮಿನಿಯಂ ಗಾಳಿ ಸೋಕಿದ ಕೂಡಲೇ ಆಕ್ಸೈಡ್ ಕಟ್ಟಲು ಶುರುಮಾಡುತ್ತದೆ. ಹಾಗಾಗಿ ಜಿಡ್ಡು ಒರೆಸಿ, 80ರ ಮರಳುಕಾಗದದಿಂದ ಉಜ್ಜಿ, ಎಪಾಕ್ಸಿ ಬಳಿದು, ಆ ಹಸಿ ಎಪಾಕ್ಸಿಯಲ್ಲೇ ಮತ್ತೊಮ್ಮೆ ಉಜ್ಜಿ. ಹೊಸ ಲೋಹಕ್ಕೆ ಗಾಳಿಗಿಂತ ಮೊದಲು ಎಪಾಕ್ಸಿ ತಗಲಬೇಕು. ಜಿಡ್ಡು ತೆಗೆಯದೆ ಉಜ್ಜಿದರೆ ಅದನ್ನೇ ಗೀರುಗಳೊಳಗೆ ತುಂಬಿದಂತಾಗುತ್ತದೆ. ಬಾಗುವ ಗುಣದ ಎಪಾಕ್ಸಿ ಆರಿಸಿ, ವೆಸ್ಟ್ ಸಿಸ್ಟಮ್‌ನ ಜಿ/ಫ್ಲೆಕ್ಸ್ ಥರದ್ದು. ಐದು ನಿಮಿಷದ ಎಪಾಕ್ಸಿ ನೀರಿನಲ್ಲಿ ಬಾಳುವುದಿಲ್ಲ.

ಮುಂದೆಂದಾದರೂ ಪ್ಲೈವುಡ್ ಬದಲಿಸಿದರೆ ತಾಮ್ರದ ಲವಣ ಕುಡಿಸಿದ ಮರ ತರಬೇಡಿ. ಒದ್ದೆಯಾದಾಗ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಳಕ್ಕೆ ಬಳಿಯುವ ತಾಮ್ರದ ಬಣ್ಣಕ್ಕೂ ಇದೇ ಮಾತು.

ತಳತೂತು:
25 ಮಿ.ಮೀ. ತೂತಿಗೆ ವೆಲ್ಡಿಂಗ್ ಮಾಡಿಸಬಹುದೇ? ಗ್ಯಾಸ್ ಟಾರ್ಚಿನಲ್ಲಿ ಕರಗುವ ಅಲ್ಯೂಮಿನಿಯಂ ಕಡ್ಡಿಯೂ ಸಿಗುತ್ತದಲ್ಲ?

ಟಿಗ್‌ಕೈ:
ಕಡ್ಡಿಯನ್ನು ಮರೆತುಬಿಡಿ. ಅದರಲ್ಲಿ ಹೆಚ್ಚಿನ ಪಾಲು ಸತು. ಉಪ್ಪುನೀರಿನಲ್ಲಿ ತೇಪೆಯೇ ಮೊದಲು ಕರಗುತ್ತದೆ. ಟಾರ್ಚಿನ ಶಾಖಕ್ಕೆ ತೆಳು ತಗಡು ಡೊಂಕಾಗುತ್ತದೆ, ಮೆತ್ತಗೂ ಆಗುತ್ತದೆ.

ಎಸಿ ಟಿಗ್‌ನಲ್ಲಿ (ಅನಿಲದ ರಕ್ಷಣೆಯಲ್ಲಿ ಮಾಡುವ ವಿದ್ಯುತ್ ವೆಲ್ಡಿಂಗ್) 5356 ಫಿಲ್ಲರ್‌ನಿಂದ, ಅಂದರೆ ಕರಗಿಸಿ ಸೇರಿಸುವ ಅಲ್ಯೂಮಿನಿಯಂ ಮಿಶ್ರಲೋಹದ ತಂತಿಯಿಂದ, ಮಾಡಬಹುದು. ಆದರೆ 1.6 ಮಿ.ಮೀ. ಹಳೆ ತಗಡು ಕಷ್ಟದ ಕೆಲಸ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಆಕ್ಸೈಡಿಗೆ 2000ಕ್ಕೂ ಮೇಲೆ ಬೇಕು. ಗುಳಿಗಳಲ್ಲಿ ಕೂತ ಕೊಳೆ, ತೇವ ವೆಲ್ಡಿನಲ್ಲಿ ಗುಳ್ಳೆಯಾಗಿ ಏಳುತ್ತದೆ. ಸೀಟಿನಡಿ ಫೋಮ್ ಇದ್ದರೆ ಬೆಂಕಿ, ವಿಷದ ಹೊಗೆ. ಮುಖ್ಯವಾಗಿ, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿ ಆರ್ಕ್ ಹೊಡೆಯಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಇಲ್ಲಿ ತೇಪೆಯೇ ಸರಿ. 1.6 ಮಿ.ಮೀ. ದಪ್ಪದ 5052 ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನಿಂದ 75 ಮಿ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ. ರಿವೆಟ್ಟಿನ ವೃತ್ತ 55 ಮಿ.ಮೀ. ವ್ಯಾಸ, ಅದರ ಮೇಲೆ 4.8ರ ಎಂಟು ರಿವೆಟ್. ಹೀಗೆ ಮಾಡಿದರೆ ಬಿಲ್ಲೆಯ ಅಂಚಿಗೆ 10 ಮಿ.ಮೀ., ಅಂದರೆ ವ್ಯಾಸದ ಎರಡುಪಟ್ಟು ಉಳಿಯುತ್ತದೆ. ಎದುರುಬದುರು ಎರಡು ತೂತು ಕೊರೆದು ತಾತ್ಕಾಲಿಕವಾಗಿ ಬೋಲ್ಟ್ ಹಾಕಿ, ಉಳಿದ ಆರು ಕೊರೆಯಿರಿ. ಬಿಚ್ಚಿ ಮುಳ್ಳು ತೆಗೆದು, ಬಿಲ್ಲೆಯಡಿ ಪೂರ್ತಿ ಸೀಲಂಟ್ ಬಳಿದು ಮತ್ತೆ ಕೂರಿಸಿ. ಬಿಲ್ಲೆ ಹೊರಗಡೆ ಇದ್ದರೆ ಒಳ್ಳೆಯದು, ಅಲೆ ಬಡಿದಾಗ ನೀರಿನ ಒತ್ತಡವೇ ಅದನ್ನು ಒತ್ತಿ ಹಿಡಿಯುತ್ತದೆ. ತಗಡಿನಲ್ಲಿ ಬಿರುಕು ಕಂಡರೆ ಅದರ ತುದಿಗೆ 3 ಮಿ.ಮೀ. ತೂತು ಕೊರೆದು ಆಮೇಲೆ ತೇಪೆ ಹಾಕಿ, ಇಲ್ಲದಿದ್ದರೆ ತೇಪೆಯಡಿಯಲ್ಲೇ ಬೆಳೆಯುತ್ತದೆ.

ರಿವೆಟ್‌ಗನ್:
ಪರೀಕ್ಷೆಗೆ ಟ್ರೇಲರ್ ಮೇಲಿದ್ದಾಗಲೇ ಒಳಗೆ ನೀರು ತುಂಬಿ ಅಡಿಯಿಂದ ನೋಡಿ. 5 ಸೆಂ.ಮೀ. ಮೀರಬೇಡಿ. 4 ಮೀಟರ್ ಉದ್ದ, 1.2 ಮೀಟರ್ ಅಗಲದ ತಳದಲ್ಲಿ ಅಷ್ಟೇ ನೀರು 240 ಕೆ.ಜಿ. ತೂಗುತ್ತದೆ. ತಳಕ್ಕೆ ಉದ್ದುದ್ದ ಆಧಾರ ಇರಲಿ. ತೇಪೆ ಒಣಗಿದ್ದೂ ಹನಿ ಬಿದ್ದರೆ ಬಹುಶಃ ಹಳೆಯ ರಿವೆಟ್ ಸಡಿಲವಾಗಿದೆ. ಹನಿಯ ಜಾಗವನ್ನು ಹೊರಗಡೆ ಮಾರ್ಕರ್‌ನಿಂದ ಸುತ್ತಿ, ನೀರು ಇಳಿಸಿದ ಮೇಲೆ ತಲೆಗೆ ಭಾರ ಒತ್ತಿ ಬಾಲದ ಕಡೆ ಮತ್ತೆ ಬಡಿದು ಬಿಗಿ ಮಾಡಿ. ಆಗಲೂ ನಿಲ್ಲದಿದ್ದರೆ ಕೊರೆದು ತೆಗೆದು ಒಂದು ಸೈಜ್ ದೊಡ್ಡದು ಹಾಕಿ.