ಕ್ವಾರಿಯ ಟಿಪ್ಪರ್ ಬಿಟ್ಟು ಸಂಡೂರಿನ ಗಣಿಯ ಡಂಪರ್‌ಗೆ ಹೋಗಬೇಕೇ? ಅನುಭವ ಇರುವವರು ಹೇಳಿ

ಗುಡಿಬಂಡೆ ಟಿಪ್ಪರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಊರು ಗುಡಿಬಂಡೆ ತಾಲ್ಲೂಕು. ಆರು ವರ್ಷಗಳಿಂದ ಪೇರೇಸಂದ್ರದ ಕಡೆಯ ಕ್ವಾರಿಗಳಲ್ಲಿ ಹತ್ತು ಚಕ್ರದ ಟಿಪ್ಪರ್ ಓಡಿಸುತ್ತಿದ್ದೇನೆ. ಬಂಡೆಯಿಂದ ಕ್ರಷರ್‌ನ ಹಾಪರ್‌ವರೆಗೆ, ಅಂದರೆ ಕಲ್ಲು ಸುರಿಯುವ ಬಾಯಿಯವರೆಗೆ, ಬೋಲ್ಡರ್ ಸಾಗಿಸುವುದು ಹಗಲಿನ ಕೆಲಸ. ಕೆಲವು ರಾತ್ರಿ ಎಂ ಸ್ಯಾಂಡ್ ತುಂಬಿಕೊಂಡು ಹೆದ್ದಾರಿ ಹಿಡಿದು ಯಲಹಂಕದವರೆಗೆ ಹೋಗಿ ಬರುತ್ತೇನೆ. ಭಾರಿ ವಾಹನದ ಪರವಾನಗಿ ಇದೆ. ಇದುವರೆಗೆ ಒಂದು ಅಪಘಾತವೂ ಆಗಿಲ್ಲ.

ಈಗ ಎರಡು ಕೆಲಸಗಳು ಎದುರಿಗಿವೆ. ಒಂದು, ನಮ್ಮ ಊರಿಂದ ಹತ್ತು ಕಿಲೋಮೀಟರ್ ದೂರದ ಹೊಸ ಕ್ವಾರಿ. ಅಲ್ಲಿ ಸಂಬಳವೆಂದು ಇಲ್ಲ, ಪೂರ್ತಿ ಟ್ರಿಪ್ ಲೆಕ್ಕ. ಮೈಮುರಿದು ಓಡಿಸಿದರೆ ತಿಂಗಳಿಗೆ 32,000 ದಾಟುತ್ತದೆ ಎನ್ನುತ್ತಾರೆ. ಇನ್ನೊಂದು, ಸಂಡೂರಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಗುತ್ತಿಗೆದಾರರ ಕೈಕೆಳಗೆ 60 ಟನ್ನಿನ ಡಂಪರ್. ಪಾಳಿ ಲೆಕ್ಕದಲ್ಲಿ 26,000, ಉಳಿಯಲು ಕೋಣೆ. ಮೊದಲು ತರಬೇತಿ, ವೈದ್ಯಕೀಯ ಪರೀಕ್ಷೆ ಇರುತ್ತದಂತೆ.

ಮನೆಯಲ್ಲಿ ಅಮ್ಮ, ಹೆಂಡತಿ, ಎರಡನೇ ತರಗತಿಯ ಮಗಳು ಇದ್ದಾರೆ. ಊರಿನ ಹತ್ತಿರವೇ ಇರಿ, ದುಡ್ಡೂ ಹೆಚ್ಚು ಎಂದು ಹೆಂಡತಿ ಹೇಳುತ್ತಾಳೆ. ನನಗೆ ಮಾತ್ರ ದೊಡ್ಡ ಗಾಡಿ ಓಡಿಸಬೇಕೆಂಬ ಆಸೆ ಚಿಕ್ಕಂದಿನದು. ಟಿಪ್ಪರ್ ಓಡಿಸಿದವನಿಗೆ ಡಂಪರ್ ಕಷ್ಟವೇ? ಯಾವುದನ್ನು ಹಿಡಿಯಲಿ?

ಹಳೆಯ ಡಂಪರ್, ಚಿಕ್ಕನಾಯಕನಹಳ್ಳಿ:

ತಮ್ಮ, ನೀನು ನನ್ನ ಕೊನೆಯ ತಮ್ಮನಿಗಿಂತಲೂ ಚಿಕ್ಕವನು. ಹಾಗಾಗಿ ನೀನು ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

1996ರಿಂದ 2011ರವರೆಗೆ ನಾನು ಸಂಡೂರಿನ ಬೆಟ್ಟಗಳಲ್ಲಿ ಡಂಪರ್ ಓಡಿಸಿದೆ. ಮೊದಲು ಬೆಮೆಲ್ ಕಂಪನಿಯ 35 ಟನ್ನಿನದು, ಆಮೇಲೆ 50 ಟನ್ನಿನದು. ಅದಾದ ಮೇಲೆ ಎಂಟು ವರ್ಷ ಶಿರಾ, ಚಿಕ್ಕಬಳ್ಳಾಪುರ ಎರಡೂ ಕಡೆ ಕ್ವಾರಿಗಳಲ್ಲಿ ಟಿಪ್ಪರ್ ಓಡಿಸಿದೆ. ನೀನು ಕೇಳಿದ ಎರಡೂ ಕೆಲಸದ ಅನ್ನ ತಿಂದಿದ್ದೇನೆ.

ಮೊದಲು ಗಾಡಿಯ ವಿಷಯ. ಡಂಪರ್‌ನಲ್ಲಿ ನೀನು ಕೂರುವುದು ಎಡಗಡೆ. ಆರು ವರ್ಷ ಬಲಗಡೆ ಕೂತು ಗಾಡಿಯ ಅಗಲವನ್ನು ಮೈಯಲ್ಲೇ ಅಳೆದವನಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲ ಹದಿನೈದು ದಿನ ಬಲಗಡೆಯ ಚಕ್ರ ಎಲ್ಲಿದೆ ಎಂದೇ ನನಗೆ ತಿಳಿಯುತ್ತಿರಲಿಲ್ಲ. ಬಲಬದಿಯಲ್ಲಿ, ಮೂತಿಯ ಕೆಳಗೆ ಒಂದು ಜೀಪು ಪೂರ್ತಿ ಮರೆಯಾಗುವಷ್ಟು ಕುರುಡು ಜಾಗವಿದೆ. ಗಣಿಯೊಳಗೆ ಓಡಾಡುವ ಜೀಪುಗಳಿಗೆ ಉದ್ದ ಕೋಲು ಕಟ್ಟಿ ಬಾವುಟ ಹಾರಿಸುವುದು ಇದೇ ಕಾರಣಕ್ಕೆ. ಬಾವುಟ ಕಣ್ಣಿಗೆ ಬಿದ್ದು ಆಮೇಲೆ ಮರೆಯಾಯಿತೋ, ನಿಲ್ಲಿಸು. ಅದು ಎಲ್ಲಿ ಹೋಯಿತೆಂದು ಗೊತ್ತಾಗುವವರೆಗೆ ಕದಲಬೇಡ.

ಅದಿರಿನ ತೂಕವೂ ಬೇರೆ. ನಿಮ್ಮ ಬಂಡೆಯ ಕಲ್ಲು ತುಂಬಿದರೆ ಬಾಡಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಅದಿರು ಹಾಗಲ್ಲ, ಬಾಡಿ ಇನ್ನೂ ಖಾಲಿ ಇದೆ ಎನಿಸುವಾಗಲೇ ಭಾರ ಪೂರ್ತಿಯಾಗಿರುತ್ತದೆ. 60 ಟನ್ನಿನ ಡಂಪರ್ ತುಂಬಿ ಹೊರಟರೆ ಗಾಡಿಯೂ ಸರಕೂ ಸೇರಿ ಸುಮಾರು 100 ಟನ್. ಕಣ್ಣಳತೆಯನ್ನು ನಂಬಬೇಡ.

ಈಗ ನಾನು ನಿಜವಾಗಿ ಹೇಳಬೇಕೆಂದು ಕೂತ ಮಾತು. ಸಂಬಳ ಕೇಳುವ ಮೊದಲು, ತುಂಬಿದ ಗಾಡಿ ಹತ್ತುತ್ತದೆಯೋ ಇಳಿಯುತ್ತದೆಯೋ ಎಂದು ಕೇಳು. ಹಳ್ಳ ತೋಡಿ ಕಲ್ಲು ತೆಗೆಯುವ ಕ್ವಾರಿಯಲ್ಲಿ ಖಾಲಿ ಗಾಡಿ ಇಳಿದು ತುಂಬಿದ ಗಾಡಿ ಹತ್ತುತ್ತದೆ. ಗುಡ್ಡ ಕಡಿಯುವ ಕಡೆ, ನಿಮ್ಮ ಸೀಮೆಯ ಎಷ್ಟೋ ಬಂಡೆಗಳಲ್ಲಿ, ಸಂಡೂರಿನ ಬೆಟ್ಟಗಳಲ್ಲಿ, ತುಂಬಿದ ಗಾಡಿ ಇಳಿಯಬೇಕು. ಹತ್ತುವಾಗ ದುಡಿಯುವುದು ಎಂಜಿನ್, ಇಳಿಯುವಾಗ ದುಡಿಯುವುದು ಬ್ರೇಕು. ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ಬ್ರೇಕು ಸೋತರೆ ನಿಲ್ಲುವುದಿಲ್ಲ.

ಡಂಪರ್‌ನಲ್ಲಿ ರಿಟಾರ್ಡರ್ ಎಂಬುದು ಇರುತ್ತದೆ. ಇಳಿಜಾರಿನುದ್ದಕ್ಕೂ ವೇಗವನ್ನು ಹಿಡಿದಿಡುವುದು ಅದರ ಕೆಲಸ. ಕಾಲಿನ ಬ್ರೇಕು ನಿಲ್ಲಿಸುವುದಕ್ಕೆ ಮಾತ್ರ. ಉದ್ದ ಇಳಿಜಾರಿನಲ್ಲಿ ಅದನ್ನು ಒತ್ತಿಕೊಂಡೇ ಬಂದರೆ ಕಾದು ಕಾದು ಹಿಡಿತ ಬಿಡುತ್ತದೆ. ನನಗೆ ಕಲಿಸಿದ ಹಿರಿಯರು ಒಂದೇ ಲೆಕ್ಕ ಹೇಳಿಕೊಟ್ಟಿದ್ದರು: ಭಾರ ಹೊತ್ತು ಆ ದಾರಿಯನ್ನು ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿ, ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕು. ಅರ್ಧ ಇಳಿದ ಮೇಲೆ ಗೇರು ಹುಡುಕಲು ಹೋದವನ ಗಾಡಿ ನ್ಯೂಟ್ರಲ್‌ನಲ್ಲೇ ಉಳಿದುಬಿಡಬಹುದು.

ನನ್ನ ಷಡ್ಡಕನ ವಿಷಯ ಬರೆಯುತ್ತೇನೆ. ಬರೆಯಬಾರದು ಎಂದುಕೊಂಡಿದ್ದೆ. ಅವನು ನನಗಿಂತ ಚೆನ್ನಾಗಿ ಗಾಡಿ ಓಡಿಸುತ್ತಿದ್ದ. ಒಂದು ಕ್ವಾರಿಯಲ್ಲಿ ಟ್ರಿಪ್ ಲೆಕ್ಕಕ್ಕೆ ಸೇರಿದ. ಹದಿನೈದು ಟ್ರಿಪ್ ದಾಟಿದರೆ ಮೇಲಿನ ಪ್ರತಿ ಟ್ರಿಪ್ಪಿಗೆ ದುಪ್ಪಟ್ಟು ದುಡ್ಡು. ಬೆಳಿಗ್ಗೆ ಗಾಡಿಯ ಕೆಳಗೆ ಬಗ್ಗಿ ನೋಡಲು ಹತ್ತು ನಿಮಿಷ ಬೇಕು, ಆ ಹತ್ತು ನಿಮಿಷದಲ್ಲಿ ಅರ್ಧ ಟ್ರಿಪ್ ಹೋಗುತ್ತದೆ. ಬ್ರೇಕಿನ ಏರ್ ಪೂರ್ತಿ ತುಂಬುವವರೆಗೆ ಕಾಯಬೇಕು, ಅದರಲ್ಲೂ ಟ್ರಿಪ್ ಹೋಗುತ್ತದೆ. ಬ್ರೇಕಿನ ಲೈನರ್ ಸವೆದಿದೆ ಎಂದು ಎರಡು ಸಲ ಹೇಳಿದ್ದನಂತೆ, ವಾರದ ಕೊನೆಗೆ ನೋಡೋಣ ಎಂದರಂತೆ. ಹದಿನಾಲ್ಕನೆಯ ಟ್ರಿಪ್ಪಿನಲ್ಲಿ, ಸಂಜೆ, ತುಂಬಿದ ಗಾಡಿ ತಿರುವಿನಲ್ಲಿ ನಿಲ್ಲಲಿಲ್ಲ. ಅಂಚಿನಲ್ಲಿ ಒಡ್ಡು ಇರಲಿಲ್ಲ. ಆಮೇಲೆ ಚಾಲಕನ ತಪ್ಪು ಎಂದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ, ಟ್ರಿಪ್ ಚೀಟಿಗಳು ಮಾತ್ರ ಇದ್ದವು. ನನ್ನ ನಾದಿನಿ ಆ ಚೀಟಿಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡು ಪರಿಹಾರಕ್ಕಾಗಿ ಮೂರು ವರ್ಷ ತುಮಕೂರಿಗೆ ಓಡಾಡಿದಳು.

ಆದ್ದರಿಂದ 32,000 ಮತ್ತು 26,000ದ ನಡುವಿನ ಆರು ಸಾವಿರವನ್ನು ಲಾಭ ಎಂದು ನೋಡಬೇಡ. ಆತುರಪಡಲು ನಿನಗೆ ಕೊಡುವ ಕೂಲಿ ಅದು.

ಎರಡೂ ಜಾಗಗಳನ್ನು ಹೋಗಿ ಕಣ್ಣಾರೆ ನೋಡು. ರಸ್ತೆಯ ಹೊರ ಅಂಚಿನಲ್ಲಿ ಮಣ್ಣಿನ ಒಡ್ಡು ಇದೆಯೇ? ಅಲ್ಲಿ ಓಡುವ ಅತಿ ದೊಡ್ಡ ಗಾಡಿಯ ಚಕ್ರದ ಅರ್ಧಕ್ಕಾದರೂ ಬರಬೇಕು. ಸುರಿಯುವ ಜಾಗದಲ್ಲೂ ಒಡ್ಡು ಬೇಕು. ಆದರೆ ಅದು ಗುರುತಿಗೆ ಮಾತ್ರ, ಚಕ್ರ ಆನಿಸಿ ನಿಲ್ಲಿಸುವುದಕ್ಕಲ್ಲ. ಕೆಳಗಿನ ಮಣ್ಣು ಕುಸಿದರೆ ಒಡ್ಡೂ ನೀನೂ ಒಟ್ಟಿಗೆ ಹೋಗುತ್ತೀರಿ. ಸಾಗಣೆಯ ರಸ್ತೆ ಎಷ್ಟು ಕಡಿದಾಗಿದೆ ನೋಡು. ನಾವು ಕಲಿತ ಲೆಕ್ಕ 16 ಅಡಿ ಉದ್ದಕ್ಕೆ 1 ಅಡಿ ಏರು, ಚಿಕ್ಕ ರ‍್ಯಾಂಪ್‌ಗಳಲ್ಲಿ 10ಕ್ಕೆ 1. ಎಷ್ಟೋ ಕ್ವಾರಿಗಳ ದಾರಿ ನೋಡಿದರೆ ಆ ಲೆಕ್ಕ ಯಾರಿಗೂ ನೆನಪಿದ್ದಂತಿಲ್ಲ. ನೀರಿನ ಟ್ಯಾಂಕರ್ ದಿನಕ್ಕೆ ಎಷ್ಟು ಸಲ ರಸ್ತೆ ನೆನೆಸುತ್ತದೆ ಎಂದು ಚಾಲಕರನ್ನೇ ಕೇಳು, ಮೇಸ್ತ್ರಿಯನ್ನು ಕೇಳಬೇಡ.

ದುಡಿಮೆಯ ಹೊತ್ತು ಹೇಳುತ್ತೇನೆ. ನಾನು ದುಡಿದ ಕಾಲದ 1952ರ ಗಣಿ ಕಾಯ್ದೆಯಲ್ಲಿ ಭೂಮಿಯ ಮೇಲಿನ ಕೆಲಸಕ್ಕೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇತ್ತು, ಮೀರಿದರೆ ದುಪ್ಪಟ್ಟು ಕೂಲಿ. ಕ್ವಾರಿಯೂ ಕಾನೂನಿನ ಕಣ್ಣಿನಲ್ಲಿ ಗಣಿಯೇ. ಇದನ್ನು ಕ್ವಾರಿಯಲ್ಲಿ ಹೇಳಿದರೆ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಸಂಡೂರಿನ ಕೆಲಸಕ್ಕೂ ಒಂದು ಭಯವಿದೆ, ಮುಚ್ಚಿಡುವುದಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಹಾಸಿಗೆ ಸುತ್ತಿಕೊಂಡು ಊರಿಗೆ ಬಂದೆ, ನಮ್ಮ ಚಿಕ್ಕನಾಯಕನಹಳ್ಳಿಯ ಗಣಿಗಳಲ್ಲಿ ಏನಾದರೂ ಸಿಗುತ್ತದೆ ಎಂದು. ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಂತಿತು. ಬೆಟ್ಟವನ್ನು ಹಾಗೆ ಕೊರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ, ನಿಲ್ಲಿಸಿದ್ದು ಸರಿ. ಆದರೆ ಆ ತಿಂಗಳು ಮನೆಗೆ ಅಕ್ಕಿ ತರಲು ಹೆಂಡತಿಯ ಓಲೆ ಅಡವಿಟ್ಟಿದ್ದೂ ನಿಜ. ಪಿಎಫ್ ಕಟ್ಟುತ್ತಾರೆಯೇ ಎಂದು ಕೇಳಿ ತಿಳಿದುಕೋ. ಪರವಾನಗಿಯನ್ನು ಮಾತ್ರ ತಪ್ಪದೆ ನವೀಕರಿಸುತ್ತಿರು.

ಪೇರೇಸಂದ್ರ ಕ್ರಷರ್:

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕ್ರಷರ್ ಆಪರೇಟರ್, ಎಲ್ಲ ಗಾಡಿಗಳೂ ನನ್ನ ಹಾಪರ್‌ಗೇ ಬರುತ್ತವೆ. ಬಾಡಿ ಎತ್ತಿಕೊಂಡೇ ಹೊರಟುಬಿಡುವ ಚಾಲಕರನ್ನು ಕೂಗಿ ನಿಲ್ಲಿಸುವುದೇ ನನ್ನ ಅರ್ಧ ಕೆಲಸ. ಮೇಲೆ ವಿದ್ಯುತ್ ತಂತಿ ಇದೆ. ಟ್ರಿಪ್ ಲೆಕ್ಕದವರೇ ಹೆಚ್ಚಾಗಿ ಹೀಗೆ ಮಾಡುವುದು.

ಇನ್ನೊಂದು ಮಾತು ಸೇರಿಸುತ್ತೇನೆ. ಹೊಸ ಕ್ವಾರಿಯಲ್ಲಿ ಸ್ಫೋಟಕ ಯಾರ ಕೈಯಲ್ಲಿದೆ, ಎಲ್ಲಿ ಇಡುತ್ತಾರೆ ಎಂದು ವಿಚಾರಿಸಿ. 2021ರ ಫೆಬ್ರವರಿಯಲ್ಲಿ ಇಲ್ಲೇ ಹಿರೇನಾಗವಲ್ಲಿಯ ಹತ್ತಿರ ಜಿಲೆಟಿನ್ ಸಿಡಿದು 6 ಜನ ಸತ್ತರು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಶಿವಮೊಗ್ಗದ ಹುಣಸೋಡಿನಲ್ಲಿ ಆಗಿತ್ತು. "ಒಂದು ಪೆಟ್ಟಿಗೆ ಇದೆ, ಕ್ಯಾಬಿನ್‌ನಲ್ಲಿ ಇಟ್ಟುಕೊಂಡು ಹೋಗು" ಎಂದು ಯಾರೇ ಹೇಳಲಿ, ಮಾಲೀಕರೇ ಹೇಳಲಿ, ಬೀಗದ ಕೈ ಅವರ ಕೈಗೆ ಕೊಟ್ಟು ಕೆಳಗಿಳಿಯಿರಿ.

ಬಂಗಾರಪೇಟೆಯಿಂದ:

ನಾನು ಚಾಲಕಿಯಲ್ಲ, ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಕಿ. ನಮ್ಮ ತಾತ ಕೋಲಾರ ಚಿನ್ನದ ಗಣಿಯಲ್ಲಿ ನೆಲದೊಳಗೆ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ತಾತನ ಎದೆಯೊಳಗಿನ ದೂಳು ಮಾತ್ರ ಅವರ ಜೊತೆಯಲ್ಲೇ ಉಳಿಯಿತು. ಕೊನೆಯ ಎರಡು ವರ್ಷ ಅವರು ಮಲಗಿ ನಿದ್ದೆ ಮಾಡಲಿಲ್ಲ, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡಿದರು.

ಈ ಚರ್ಚೆಯಲ್ಲಿ ದೂಳಿನ ಮಾತು ನೀರಿನ ಟ್ಯಾಂಕರ್‌ಗೇ ಮುಗಿದುಹೋಗಿದ್ದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಗ್ರಾನೈಟ್ ಕಲ್ಲಿನಲ್ಲಿ ಸಿಲಿಕಾ ಹೇರಳವಾಗಿದೆ. ಕಣ್ಣಿಗೆ ಕಾಣುವ ದಪ್ಪ ದೂಳನ್ನು ಮೂಗು ತಡೆಯುತ್ತದೆ, ಕಾಣದ ನುಣುಪು ದೂಳು ಶ್ವಾಸಕೋಶದ ತಳ ಸೇರುತ್ತದೆ. ಸಿಲಿಕೋಸಿಸ್ ಬಂದ ಮೇಲೆ ಅದನ್ನು ಗುಣಪಡಿಸುವ ಔಷಧವಿಲ್ಲ, ಮೇಲಾಗಿ ಕ್ಷಯ ತಗಲುವ ಅಪಾಯವೂ ಹೆಚ್ಚು. ಟವೆಲ್ ಸುತ್ತಿಕೊಂಡರೆ ಸಾಲದು. ಕ್ಯಾಬಿನ್‌ನ ಕಿಟಕಿ ಮುಚ್ಚಿ ಏಸಿ ಕೆಲಸ ಮಾಡುತ್ತದೆಯೇ ಎಂದು ಕೇಳಿ. ಅದು ಸುಖಕ್ಕಲ್ಲ, ಉಸಿರಿಗೆ.

ಆರು ವರ್ಷದಲ್ಲಿ ಒಮ್ಮೆಯಾದರೂ ಎದೆಯ ಎಕ್ಸ್-ರೇ ತೆಗೆಸಿದ್ದೀರಾ? ಗಣಿಗಳ ನಿಯಮದಂತೆ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ನಿಗದಿತ ಅವಧಿಗೊಮ್ಮೆ ಪರೀಕ್ಷೆ ಮಾಡಿಸಬೇಕಾದದ್ದು ಮಾಲೀಕರ ಹೊಣೆ.

ಗುಡಿಬಂಡೆ ಟಿಪ್ಪರ್:

ಎಲ್ಲರಿಗೂ ಕೈಮುಗಿಯುತ್ತೇನೆ. ಹಿರಿಯರು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಸ್ಟೀಲ್ ಡಬ್ಬಿಯ ಮಾತು ಬಂದಾಗ ಅವಳು ಎದ್ದು ಒಳಗೆ ಹೋದಳು.

ಭಾನುವಾರ ಹೊಸ ಕ್ವಾರಿಗೆ ಹೋಗಿ ಬಂದೆ. ತುಂಬಿದ ಗಾಡಿ ಇಳಿಯಬೇಕಾದ ಜಾಗವೇ. ದಾರಿಯಲ್ಲಿ ಎರಡು ತಿರುವುಗಳು. ಮೇಲಿನ ತಿರುವಿನಲ್ಲಿ ಒಡ್ಡು ನನ್ನ ಮೊಣಕಾಲಿಗೂ ಬರುವುದಿಲ್ಲ, ಕೆಳಗಿನದರಲ್ಲಿ ಕಲ್ಲುಗಳಿಗೆ ಸುಣ್ಣ ಬಳಿದು ಇಟ್ಟಿದ್ದಾರೆ, ಅಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತೀರಾ ಎಂದು ಕೇಳಿದೆ. ಮೊದಲು ಟ್ರಿಪ್ ಹೊಡಿ, ಆಮೇಲೆ ನೋಡೋಣ ಎಂದರು. ನಾಲ್ಕು ವರ್ಷದ ಹಿಂದೆ ಆಗಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ.

ಅಕ್ಕ, ಎಕ್ಸ್-ರೇ ಒಮ್ಮೆಯೂ ತೆಗೆಸಿಲ್ಲ. ಸಂಡೂರಿನವರು ಬರುವ ಸೋಮವಾರ ಪರೀಕ್ಷೆಗೆ ಬರಲು ಹೇಳಿದ್ದಾರೆ. ನಿಜ ಹೇಳಬೇಕೆಂದರೆ ಗಾಡಿಗಿಂತ ಆ ಪರೀಕ್ಷೆಯ ಭಯವೇ ಹೆಚ್ಚಾಗಿದೆ. ಏನಾದರೂ ಕಂಡುಬಂದರೆ ಕೆಲಸ ಇಲ್ಲ ಎನ್ನುತ್ತಾರೆಯೇ?

ಬಂಗಾರಪೇಟೆಯಿಂದ:

ಅವರು ಏನೆನ್ನುತ್ತಾರೋ ನಾನು ಹೇಳಲಾರೆ. ಆದರೆ ಈಗಲೇ ಗೊತ್ತಾದರೆ ಇನ್ನಷ್ಟು ದೂಳು ಒಳಗೆ ಹೋಗದಂತೆ ತಡೆಯಬಹುದು. ಎಕ್ಸ್-ರೇ ಮತ್ತು ವರದಿಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಿ. ಮೊದಲ ದಿನ ಎದೆ ಹೇಗಿತ್ತು ಎಂಬುದಕ್ಕೆ ಮುಂದೆ ಅದೇ ಸಾಕ್ಷಿ. ತಾತನ ಹತ್ತಿರ ಅಂಥ ಒಂದು ಕಾಗದವೂ ಇರಲಿಲ್ಲ.

ಹಳೆಯ ಡಂಪರ್, ಚಿಕ್ಕನಾಯಕನಹಳ್ಳಿ:

ಹೋಗಿ ಬಾ ತಮ್ಮ. ಕೆಲಸ ಸಿಕ್ಕಿದರೆ ತರಬೇತಿಯಲ್ಲಿ ಹಳಬನೊಬ್ಬನ ಪಕ್ಕದ ಸೀಟಿನಲ್ಲಿ ಎಷ್ಟು ದಿನ ಕೂರಲು ಬಿಡುತ್ತಾರೋ ಅಷ್ಟೂ ದಿನ ಕೂರು, ಬೇಗ ಗಾಡಿ ಕೊಡಿ ಎಂದು ಕೇಳಬೇಡ. ಏಣಿ ಇಳಿಯುವಾಗ ಗಾಡಿಗೆ ಮುಖ ಮಾಡಿಯೇ ಇಳಿ. ಬೆಳಗಿನ ಜಾವ ಮೂರರಿಂದ ಐದರವರೆಗೆ ಕಣ್ಣು ಎಳೆದರೆ ವಾಕಿಟಾಕಿಯಲ್ಲಿ ಹೇಳಿ ಪಕ್ಕಕ್ಕೆ ನಿಲ್ಲಿಸು, ಬೈದರೆ ಬೈಯಲಿ. ಸೋಮವಾರ ರಾತ್ರಿ ಇಲ್ಲಿ ಬರೆ, ಕಾಯುತ್ತಿರುತ್ತೇನೆ.