ಅಪ್‌ಡೇಟ್: ಕಾಡಂಚಿನ ರಾತ್ರಿ ದೃಶ್ಯ ಮುಗೀತು (ಎರಡು ಶಾಟ್ ಬಿಟ್ಟು)

ಜನರೇಟರ್ ಇಲ್ಲದೆ, ಎರಡೇ ಬ್ಯಾಟರಿ ಎಲ್‌ಇಡಿ ಇಟ್ಟುಕೊಂಡು ನಮ್ಮ ಥ್ರಿಲ್ಲರ್‌ನ ಓಟದ ದೃಶ್ಯ ತೆಗೆಯೋದು ಹೇಗೆ ಅಂತ ಕೇಳಿದ್ದೆನಲ್ಲ, ಶೂಟ್ ಆಯ್ತು.

ವೈಡ್ ಶಾಟ್‌ಗಳನ್ನು ಸೂರ್ಯ ಮುಳುಗಿದ ಇಪ್ಪತ್ತು ನಿಮಿಷದೊಳಗೇ ಮುಗಿಸಿ ಅಂದವರಿಗೆ ದೊಡ್ಡ ನಮಸ್ಕಾರ. ಆಕಾಶದಲ್ಲಿ ನೀಲಿ ಉಳಿದಿರುವಾಗ ಮರಗಳ ಆಕಾರ ತಾನಾಗಿಯೇ ಎದ್ದು ಕಾಣುತ್ತೆ. ಪೂರ್ತಿ ಕತ್ತಲಾದ ಮೇಲೆ ಹಿನ್ನೆಲೆ ಬರೀ ಕಪ್ಪು ಗೋಡೆ. ಹಿಂದಿನ ಸಂಜೆ ರಿಹರ್ಸಲ್ ಮಾಡಿದ್ದರಿಂದ ಮೂರು ಟೇಕ್ ಸಿಕ್ಕವು.

ಕ್ಲೋಸಪ್‌ಗೆ ಒಂದು ಲೈಟನ್ನು ನಟನ ಹಿಂದೆ, ಮರದ ಮರೆಯಲ್ಲಿ ಎತ್ತರಕ್ಕೆ ಕಟ್ಟಿ 5600 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ, ಇದು ಹಗಲಿನ ಬಿಳಿ) ಹಾಕಿದೆವು. ಕ್ಯಾಮೆರಾ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿಯಾಗಿ ತೋರಿಸಬೇಕು ಅನ್ನೋ ಸೆಟ್ಟಿಂಗ್) ಅದಕ್ಕಿಂತ ಕಡಿಮೆ, 3800, ಹಾಗಾಗಿ ಬೆಳದಿಂಗಳ ನೀಲಿ ಬಂತು. ಮುಖಕ್ಕೆ ಬಿಳಿ ಥರ್ಮಾಕೋಲ್ ಶೀಟಿನ ಪ್ರತಿಫಲನ ಅಷ್ಟೇ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತೆ ಅಂತ ಲೈಟನ್ನು ಹಿಂದಕ್ಕೆ ಸರಿಸೋಕೆ ಹೆದರಿದ್ದೆ. ಆದರೆ ಸರಿಸಿದ ಮೇಲೇ ನಟ ಓಡುವಾಗ ಎಕ್ಸ್‌ಪೋಷರ್ (ಚಿತ್ರದಲ್ಲಿ ಬೆಳಕಿನ ಮಟ್ಟ) ಅಷ್ಟಾಗಿ ಏರುಪೇರಾಗಲಿಲ್ಲ.

ಎಡವಟ್ಟಾಗಿದ್ದು ಟಾರ್ಚ್‌ನಲ್ಲಿ. ಬೆಳಕು ಕಡಿಮೆ ಮಾಡಿ ಹಿಡಿದಿದ್ದೆವು, ಅದರಿಂದ ಫುಟೇಜ್ ತುಂಬ ಫ್ಲಿಕರ್ (ಬೆಳಕಿನ ಮಿನುಗಾಟ). ಕ್ಯಾಮೆರಾದ ಪುಟ್ಟ ಸ್ಕ್ರೀನ್‌ನಲ್ಲಿ ಗೊತ್ತೇ ಆಗಿರಲಿಲ್ಲ! ಆ ಎರಡು ಶಾಟ್ ಮುಂದಿನ ವಾರ ಮತ್ತೆ ತೆಗೀತೀವಿ, ಟಾರ್ಚನ್ನು ಫುಲ್‌ನಲ್ಲೇ ಇಟ್ಟು, ಮುಂದೆ ಡಿಫ್ಯೂಷನ್ ಪೇಪರ್ (ಬೆಳಕನ್ನು ಮೃದು ಮಾಡೋ ಹಾಳೆ) ಅಂಟಿಸಿ.