ಶಾಸ್ತ್ರಕ್ಕೆ ಮಾತ್ರ ಇರುವ ಶಾಸ್ತ್ರ

ಬಲ್ಲವರಲ್ಲಿ ಒಂದು ಪ್ರಶ್ನೆ. "ಇದರಲ್ಲಿ ಶಾಸ್ತ್ರ ಶಾಸ್ತ್ರಕ್ಕೆ ಮಾತ್ರ ಉಂಟು" ಎಂಬ ಮಾತನ್ನು ನೀವು ಹೇಗೆ ಓದಿಕೊಳ್ಳುತ್ತೀರಿ? ಎರಡೂ ಶಾಸ್ತ್ರ ಒಂದೆಯೋ, ಬೇರೆ ಬೇರೆಯೋ?

ಹಿನ್ನೆಲೆ ಹೇಳಿಬಿಡುತ್ತೇನೆ. ಕಾಸರಗೋಡಿನ ನಮ್ಮ ಓದುವ ಬಳಗ ಈ ಮಳೆಗಾಲದಲ್ಲಿ ಆನ್ ಮೆಕ್‌ಕ್ಯಾಫ್ರಿಯ ಪರ್ನ್ ಸರಣಿಯನ್ನು ಹಿಡಿದುಕೊಂಡಿತ್ತು. ಪರ್ನ್ ಎಂಬ ಗ್ರಹ, ಅಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್‌ಗಳು, ಆಕಾಶದಿಂದ ಉದುರಿ ಹಸಿರನ್ನೆಲ್ಲ ತಿಂದುಹಾಕುವ ಎಳೆಗಳನ್ನು ಆ ಡ್ರ್ಯಾಗನ್‌ಗಳ ಬೆನ್ನೇರಿ ಸುಡುವ ಸವಾರರು. ಮೊದಲ ಕಾದಂಬರಿ 'ಡ್ರ್ಯಾಗನ್‌ಫ್ಲೈಟ್' ಬಂದದ್ದು 1968ರಲ್ಲಿ. ಓದಿದವರ ಅಭಿಪ್ರಾಯಗಳನ್ನು ಒಟ್ಟುಮಾಡಿ ಬರೆದು ಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಮೇಲಿನ ಮಾತು ಬದಿಯಡ್ಕ ಕಡೆಯ ಓದುಗರೊಬ್ಬರದು. ಮನೆಮಾತು ಕನ್ನಡ, ಶಾಲೆ ಮಲಯಾಳದಲ್ಲಿ. ಇಲ್ಲಿ ಕೂತವರಿಗೆಲ್ಲ ಅದು ಕೂಡಲೇ ಅರ್ಥವಾಗಿ ನಗು ಬಂತು. ಕರಡನ್ನು ನೋಡಿದ ಮೈಸೂರಿನ ಸ್ನೇಹಿತರು ಮಾತ್ರ, "ಡ್ರ್ಯಾಗನ್ ಕಥೇಲಿ ಎಂಥ ಶಾಸ್ತ್ರ? ಮದುವೆ ಗಿದುವೆ ಬರುತ್ತಾ?" ಎಂದು ಕೇಳಿದರು.

ಮಲಯಾಳದಲ್ಲಿ ಶಾಸ್ತ್ರ ಎಂದರೆ ನೇರವಾಗಿ ವಿಜ್ಞಾನವೇ. ವಿಜ್ಞಾನಿಯನ್ನು ಶಾಸ್ತ್ರಜ್ಞ ಎನ್ನುತ್ತಾರೆ. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಹೆಸರು ಕೇಳಿ ಘಟ್ಟದ ಮೇಲಿನವರು ಅದನ್ನು ಧರ್ಮಶಾಸ್ತ್ರ ಅಚ್ಚು ಹಾಕುವ ಸಂಸ್ಥೆ ಅಂದುಕೊಂಡರೆ ಆಶ್ಚರ್ಯವಿಲ್ಲ. ಅದು ಜನರ ನಡುವೆ ವಿಜ್ಞಾನ ಹರಡಲು ಹೊರಟ ಬಳಗ. ನಮ್ಮ ಕನ್ನಡದಲ್ಲೂ ಈ ಅರ್ಥ ಸತ್ತಿಲ್ಲವಲ್ಲ: ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರ ಎನ್ನುತ್ತೇವೆ. ಸಮಾಸದ ಬಾಲವಾಗಿದ್ದರೆ ವಿಜ್ಞಾನ, ಒಂಟಿಯಾಗಿ ನಿಂತರೆ ಅರಸಿನಶಾಸ್ತ್ರದ ಕಡೆಗೋ ಕಣಿ ಹೇಳುವವರ ಕಡೆಗೋ ಓಡುತ್ತದೆ. ಇನ್ನು "ಶಾಸ್ತ್ರಕ್ಕೆ ಎರಡು ತುತ್ತು ತಿಂದ" ಎಂಬಲ್ಲಿ ಅದು ಬರೀ ನೆಪ. ಈ ನೆಪದ ಅರ್ಥ ಮಲಯಾಳದಿಂದ ಬಂದದ್ದಲ್ಲ, ನಮ್ಮದೇ. ಹಾಗಾಗಿ ಬದಿಯಡ್ಕದವರ ಮಾತಿನಲ್ಲಿ ಮೊದಲನೆಯ ಶಾಸ್ತ್ರ ಚಂದ್ರಗಿರಿ ಹೊಳೆಯ ಆಚೆಯ ಮಲಯಾಳದ್ದು, ಎರಡನೆಯದು ಈಚೆಯ ಕನ್ನಡದ್ದು, ಅಂದರೆ ಇದರಲ್ಲಿ ವಿಜ್ಞಾನ ನೆಪಕ್ಕೆ ಮಾತ್ರ ಉಂಟು ಎನ್ನೋಣವೇ?

ಮಾತು ಚಂದ ಉಂಟು, ಆದರೆ ನ್ಯಾಯವೋ? ಬಳಗ ಇಬ್ಭಾಗವಾದದ್ದು ಇಲ್ಲೇ. ಮೊದಲ ಪುಸ್ತಕದ ಪೀಠಿಕೆಯಲ್ಲಿ ರುಕ್ಬತ್ ಎಂಬ ನಕ್ಷತ್ರ, ಅದರ ಗ್ರಹಗಳು, ದಾರಿ ತಪ್ಪಿ ಬಂದು ಸಿಕ್ಕಿಕೊಂಡ ಕೆಂಪು ಗ್ರಹ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಆಮೇಲೆ ನೂರಾರು ಪುಟ ಕೋಟೆ, ಒಡೆಯರು, ಹಾಡುಗಾರರು, ಸೇಡು. "ಪೀಠಿಕೆ ಹರಿದು ಹಾಕಿದರೆ ಇದು ಅಜ್ಜಿಕಥೆಯೇ" ಎಂದರು ಒಬ್ಬರು. ರಸಾಯನಶಾಸ್ತ್ರ ಕಲಿಸುವವರೊಬ್ಬರು ಬಿಡಲಿಲ್ಲ. ಡ್ರ್ಯಾಗನ್ ಸುಮ್ಮನೆ ಬೆಂಕಿ ಉಗುಳುವುದಿಲ್ಲ. ಒಂದು ಬಗೆಯ ಕಲ್ಲನ್ನು ಅಗಿದು ನುಂಗುತ್ತದೆ, ಹೊಟ್ಟೆಯಲ್ಲಿ ಫಾಸ್ಫೀನ್ ಹುಟ್ಟುತ್ತದೆ, ಹೊರಗೆ ಬಂದು ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಕೊಳ್ಳಿದೆವ್ವಕ್ಕೆ ಕಾರಣ ಹೇಳುವಾಗ ತರಗತಿಯಲ್ಲಿ ತಾವು ಹೆಸರಿಸುವ ಅನಿಲವೇ ಇದು ಎಂದು ಅವರ ವಾದ. 1988ರ 'ಡ್ರ್ಯಾಗನ್ಸ್‌ಡಾನ್' ಓದಿದವರು ಅವರ ಜೊತೆ ಸೇರಿದರು. ಅಲ್ಲಿ ಭೂಮಿಯಿಂದ ಹೋದ ವಲಸೆಗಾರರು ಸ್ಥಳೀಯ ಬೆಂಕಿಹಲ್ಲಿಗಳ ತಳಿಯನ್ನೇ ತಿದ್ದಿ ಡ್ರ್ಯಾಗನ್ ಮಾಡುತ್ತಾರೆ. ಲೇಖಕಿಯೂ ತಾನು ಬರೆದದ್ದು ಫ್ಯಾಂಟಸಿ ಅಲ್ಲ, ಸೈನ್ಸ್ ಫಿಕ್ಷನ್ ಎಂದೇ ಪಟ್ಟು ಹಿಡಿದವರು. ನನಗೆ ಕಂಡದ್ದು: 1968ರ ಪುಸ್ತಕಕ್ಕೆ ಬದಿಯಡ್ಕದವರ ಮಾತು ಮುಕ್ಕಾಲು ಪಾಲು ಒಪ್ಪುತ್ತದೆ, 1988ರದ್ದಕ್ಕೆ ಒಪ್ಪುವುದಿಲ್ಲ.

ಎರಡನೆಯ ಪದ 'ಮಾಯ'. ಈ ಡ್ರ್ಯಾಗನ್‌ಗಳು ಒಂದು ಕಡೆ ಇಲ್ಲವಾಗಿ ಇನ್ನೊಂದು ಕಡೆ ಮೂಡುತ್ತವೆ. ನಡುವೆ ಕೆಲವು ಉಸಿರಿನಷ್ಟು ಹೊತ್ತು ಕತ್ತಲು, ಕೊರೆಯುವ ಚಳಿ. ಸವಾರ ಸತ್ತರೆ ಡ್ರ್ಯಾಗನ್ ಅದೇ ಚಳಿಯೊಳಗೆ ಹೋಗಿ ಮರಳುವುದಿಲ್ಲ. ಇದಕ್ಕೆ ನಮ್ಮವರೆಲ್ಲ ಮಾತಾಡಿಕೊಳ್ಳದೆಯೇ 'ಮಾಯ ಆಗುವುದು' ಎಂದೇ ಬರೆದರು. ಕನ್ನಡದಲ್ಲಿ ಮಾಯವಾಗುವುದು ಎಂದರೆ ಕಾಣದಾಗುವುದು, ಅಷ್ಟೇ, ಕನ್ನಡಕವೂ ಮಾಯವಾಗುತ್ತದೆ. ಆದರೆ ದೈವಗಳ ಕಥೆ ಹಾಡುವ ತುಳು ಪಾಡ್ದನ ಕೇಳಿ ಬೆಳೆದವರ ಕಿವಿಗೆ ಮಾಯ ಅಂದರೆ ಒಂದು ಜಾಗವೇ. ಕಾಯ ಬಿಟ್ಟು ಮಾಯಕ್ಕೆ ಸಂದವರು ದೈವವಾಗಿ ಬರುತ್ತಾರೆ. ಕುಂಬಳೆ ಕಡೆಯ ಓದುಗರೊಬ್ಬರು "ಡ್ರ್ಯಾಗನ್ ಮಾಯಕ್ಕೆ ಸಂದಿತು" ಎಂದು ಚತುರ್ಥಿ ವಿಭಕ್ತಿ ಹಚ್ಚಿ ಬರೆದದ್ದು ಅದಕ್ಕೇ ಇರಬೇಕು. 'ಮಾಯವಾಯಿತು' ಎಂದು ತಿದ್ದಿದರೆ ಅವರು ಹೇಳಿದ್ದು ಉಳಿಯುವುದಿಲ್ಲ. ಈ ರೂಪವನ್ನು ಕನ್ನಡ ಬರಹದಲ್ಲಿ ಬೇರೆಲ್ಲಾದರೂ ಕಂಡಿದ್ದೀರಾ?

(ಡ್ರ್ಯಾಗನ್‌ಗೆ ಘಟಸರ್ಪ ಎನ್ನಬಹುದೇ ಎಂದು ಒಬ್ಬರು ಕೇಳಿದರು. ಕನ್ನಡ ಬೈಬಲ್ಲಿನಲ್ಲಿ ಉಂಟು, ಹೌದು. ಬೆನ್ನ ಮೇಲೆ ಕೂರಿಸಿಕೊಂಡು ಅಕ್ಕರೆಯಿಂದ ಮಾತಾಡುವ ಪ್ರಾಣಿಗೆ ಆ ಹೆಸರು ಬೇಡವೇ ಬೇಡ.)

ನನಗೆ ಬೇಕಾದದ್ದು ಇಷ್ಟು. ಅಭಿಪ್ರಾಯಗಳು ಕರ್ನಾಟಕದ ಓದುಗರ ಕೈಗೂ ಹೋಗುತ್ತವೆ. 'ಶಾಸ್ತ್ರ'ವನ್ನು ಹಾಗೆಯೇ ಬಿಡಲೇ, 'ವಿಜ್ಞಾನ' ಮಾಡಲೇ? "ವಿಜ್ಞಾನ ಶಾಸ್ತ್ರಕ್ಕೆ ಮಾತ್ರ ಉಂಟು" ಎಂದರೆ ಗೊಂದಲ ಹೋಗುತ್ತದೆ, ಜೊತೆಗೆ ಮಾತಿನ ಮೊನೆಯೂ. ಬಿಡುವುದೇ ಸರಿ ಎಂದು ನನ್ನ ಒಲವು, ಆದರೆ ಇದು ಕಾಸರಗೋಡಿನ ನಮ್ಮೊಬ್ಬರದೇ ಬಳಕೆಯಾಗಿದ್ದರೆ ಅಡಿಟಿಪ್ಪಣಿ ಹಾಕಬೇಕಾಗುತ್ತದೆ. ಮರಾಠಿಯಲ್ಲೂ ವಿಜ್ಞಾನಿ ಶಾಸ್ತ್ರಜ್ಞನೇ, ತೆಲುಗಿನಲ್ಲಿ ಶಾಸ್ತ್ರವೇತ್ತ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕನ್ನಡಿಗರು, ಆದೋನಿ, ಮಡಕಶಿರಾದವರು ಮನೆಯಲ್ಲಿ ಒಂಟಿ 'ಶಾಸ್ತ್ರ'ವನ್ನು ವಿಜ್ಞಾನ ಎಂಬರ್ಥದಲ್ಲಿ ಆಡುತ್ತೀರಾ? ಹೊಸೂರಿನವರ ಸುತ್ತ ತಮಿಳಿನ ವಿಞ್ಞಾನಿ ಇರುವುದರಿಂದ ಅಲ್ಲಿ ಈ ತೊಡಕೇ ಇರಲಿಕ್ಕಿಲ್ಲ ಎಂದು ನನ್ನ ಊಹೆ. ಇದ್ದರೆ ಅದನ್ನೂ ತಿಳಿಸಿ. ಬಳಸುವ ಒಂದೆರಡು ವಾಕ್ಯ ಆಡಿದ ಹಾಗೆಯೇ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು.